ಖಾಲಿ ಡಬ್ಬಿ ಕಳಿಸದವನು

ರೇಣುಕಾಪ್ರಸಾದ ಫೋನಿನಲ್ಲಿ ‘ಹಲೋ’ ಎನ್ನುವುದಿಲ್ಲ. ‘ಹೇಗಿದ್ದೀರಿ’ ಎಂದು ವಿಚಾರಿಸುವುದಿಲ್ಲ. ‘ಊಟ ಆಯ್ತಾ’ ಎಂಬ ನಮ್ಮ ಸೀಮೆಯ ಸನಾತನ ಪ್ರಶ್ನೆಯನ್ನೂ ಎತ್ತುವುದಿಲ್ಲ. ನೀವು ಫೋನೆತ್ತಿ ಕಿವಿಗೆ ಹಿಡಿಯುವಷ್ಟರಲ್ಲಿ ಅವನ ಮಾತು ಅರ್ಧ ದಾರಿ ಕ್ರಮಿಸಿರುತ್ತದೆ. “...ಅಷ್ಟೊತ್ತಿಗೆ ಆ ಬೆಕ್ಕು ನೀರಿನ ಟ್ಯಾಂಕ್ ಮೇಲೆ ಹತ್ತಿ ಕೂತಿತ್ತು ಮಿಸ್, ಇಳಿಯೋ ಮಾತೇ ಇಲ್ಲ!” ಯಾವ ಬೆಕ್ಕು, ಯಾರ ಮನೆಯ ಟ್ಯಾಂಕು, ಇದು ನಿನ್ನೆ ನಡೆದದ್ದೋ ಈಗ ನಡೆಯುತ್ತಿರುವುದೋ ಒಂದೂ ಗೊತ್ತಾಗದೆ ನಾನು ತಬ್ಬಿಬ್ಬಾಗಿ, “ಯಾರಪ್ಪಾ ಇದು?” ಎಂದರೆ ಅವನು ನಿಜವಾಗಿಯೂ ನೊಂದುಕೊಳ್ಳುತ್ತಾನೆ. ಹೋಗಲಿ, ಆ ಬೆಕ್ಕಿನ ಗತಿ ಏನಾಯಿತೆಂದು ಕುತೂಹಲ ಕೆರಳಿ, ಒಲೆ ಆರಿಸಿ, ಕುರ್ಚಿ ಎಳೆದುಕೊಂಡು ಕುಳಿತೆನೋ, “ಬಸ್ ಬಂತು ಮಿಸ್, ಉಳಿದಿದ್ದು ಆಮೇಲೆ” ಎಂದು ಕಟ್ ಮಾಡಿಬಿಡುತ್ತಾನೆ. ಭದ್ರಾವತಿಯ ನ್ಯೂ ಟೌನಿನ ಶಾಲೆಯೊಂದರಲ್ಲಿ ಬದುಕಿನ ಬಹುಭಾಗ ಕನ್ನಡ ಕಲಿಸಿದವಳು ನಾನು. ಪ್ರಬಂಧವೆಂದರೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಇವನ ತಲೆಗೂ ಕುಟ್ಟಿ ಕುಟ್ಟಿ ತುಂಬಿಸಿದ್ದೆ. ನನ್ನ ಶಿಷ್ಯೋತ್ತಮನ ಮಾತಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ.

ಒಮ್ಮೆ ರೇಗಿ ಕೇಳಿಯೇಬಿಟ್ಟೆ. ಅವನು ಸ್ವಲ್ಪವೂ ವಿಚಲಿತನಾಗದೆ, “ಹಲೋ ಅನ್ನೋದು ಗುರುತಿಲ್ಲದವರಿಗೆ ಮಿಸ್. ನಾವು ಮಾತು ನಿಲ್ಸೇ ಇಲ್ವಲ್ಲ, ಮತ್ತೆ ಶುರು ಮಾಡೋದು ಎಲ್ಲಿಂದ ಬಂತು?” ಎಂದ.

“ಸರಿ, ಅರ್ಧಕ್ಕೇ ನಿಲ್ಲಿಸೋದು ಯಾವ ಘನಂದಾರಿ ಶಾಸ್ತ್ರವೋ?”

“ಕತೆ ಪೂರ್ತಿ ಮುಗಿದೋದ್ರೆ ನೀವ್ಯಾಕೆ ನಂಗೆ ಫೋನ್ ಮಾಡ್ತೀರಿ?”

ಆ ಬೆಕ್ಕಿನ ಫೋನು ಬಂದ ಮರುದಿನ ಬೆಳಿಗ್ಗೆ ಕಾಫಿಗೆ ಮುಂಚೆಯೇ ನಾನೇ ಫೋನು ಮಾಡಿ ಅದರ ಸಮಾಚಾರ ಕೇಳಿದ್ದೆನಾದ್ದರಿಂದ ಹೆಚ್ಚು ವಾದಿಸಲು ಬಾಯಿರಲಿಲ್ಲ.

ಈ ರೇಣುಕಾಪ್ರಸಾದ, ಮನೆಮಂದಿಗೆಲ್ಲ ರೇಣು, ಈಗ ಮೂವತ್ತರ ಹೊಸ್ತಿಲಿಗೆ ಇನ್ನೂ ಒಂದೆರಡು ಹೆಜ್ಜೆ ದೂರವಿರುವ ತರುಣ. ನ್ಯೂ ಟೌನಿನ ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಬೆಳೆದವನು. ನಾನು ನಿವೃತ್ತಳಾಗಿ ಶಿವಮೊಗ್ಗದ ವಿನೋಬನಗರಕ್ಕೆ ಬಂದು ನೆಲೆಸಿದ ಮೇಲೆ ಅವನೂ ಕಣ್ಣಿನ ವಿಷಯ ಓದಿಕೊಂಡು ನಮ್ಮ ರಸ್ತೆಯ ಕನ್ನಡಕದಂಗಡಿಗೇ ಕೆಲಸಕ್ಕೆ ಸೇರಿದ. ದಿನಾ ಭದ್ರಾವತಿಯಿಂದ ಬಸ್ಸಿನಲ್ಲಿ ಬರುತ್ತಾನೆ, ಸಂಜೆ ನಮ್ಮ ಮನೆಯಲ್ಲಿ ಕಾಫಿ ಕುಡಿದು ಬಸ್ಸಿನಲ್ಲೇ ಮರಳುತ್ತಾನೆ. ಅವನ ನಡಿಗೆಯನ್ನು ನಮ್ಮ ಬೀದಿಯವರು ಬೆನ್ನ ಕಡೆಯಿಂದಲೇ ಗುರುತಿಸಬಲ್ಲರು. ಕಾಲುಗಳು ಅವಸರದಿಂದ ಓಡುತ್ತವೆ, ಸೊಂಟದಿಂದ ಮೇಲಿನ ದೇಹ ಮಾತ್ರ ಅಲುಗದೆ, ತುಳುಕದೆ, ತುಂಬಿದ ಕೊಡ ಹೊತ್ತವರ ಹಾಗೆ ಸಮತೂಕದಲ್ಲಿ ತೇಲುತ್ತದೆ. ಕಾರಣ ಕೈಚೀಲದಲ್ಲಿದೆ. ಅದರಲ್ಲಿ ಸದಾ ಒಂದು ಸ್ಟೀಲ್ ಡಬ್ಬಿ, ಡಬ್ಬಿಯಲ್ಲಿ ಎಣ್ಣೆ ತೇಲುವ ಮಿಡಿ ಉಪ್ಪಿನಕಾಯಿಯೋ, ತುಪ್ಪ ಸೋರುವ ಹೋಳಿಗೆಯೋ ಇದ್ದೇ ಇರುತ್ತದೆ. ಮೈಮೇಲೆ ಕಾಫಿಪುಡಿ ಬಣ್ಣದ ಒಂದು ಹಳೆಯ ಜರ್ಕಿನ್. ಏಪ್ರಿಲಿನ ಧಗೆಯಲ್ಲಿ ನಾವೆಲ್ಲ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿರುವಾಗಲೂ ಅವನು ಆ ಜರ್ಕಿನ್ ತೊಟ್ಟು, ಹಣೆಯ ಬೆವರೊರೆಸುತ್ತಾ, ಪರಮಸುಖಿಯಂತೆ ಬರುತ್ತಾನೆ.

ಆ ಜರ್ಕಿನ್ ಅವನದಲ್ಲ, ಗುರುವಿನದು. ಗುರು ಭದ್ರಾವತಿಯಾಚೆಯ ಹಳ್ಳಿಯಲ್ಲಿ ಭತ್ತ, ಕಬ್ಬು ಬೆಳೆಯುವ ಪುಟ್ಟಯ್ಯನವರ ಮಗ. ಶಾಲೆಗೆಂದು ನ್ಯೂ ಟೌನಿನ ಚಿಕ್ಕಮ್ಮನ ಮನೆಯಲ್ಲಿದ್ದು, ಅಲ್ಲಿಗಿಂತ ಹೆಚ್ಚಾಗಿ ರೇಣುವಿನ ಮನೆಯಲ್ಲೇ ಉಂಡು ಬೆಳೆದವನು. ಇಬ್ಬರೂ ನನ್ನ ತರಗತಿಯ ಕೊನೆಯ ಬೆಂಚಿನ ಭೂಷಣಗಳು. ಉಕ್ಕಿನ ಊರಿನ ಹುಡುಗರು ಉಕ್ಕಿರುವಲ್ಲಿಗೇ ಹೋಗುತ್ತಾರೆ. ಗುರುವಿಗೂ ವಿಶಾಖಪಟ್ಟಣದಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ರೈಲು ನಿಲ್ದಾಣದಲ್ಲಿ ತನ್ನ ಜರ್ಕಿನ್ ಬಿಚ್ಚಿ, “ಅಲ್ಲಿ ಸಮುದ್ರದ ಸೆಕೆ ಮಾರಾಯ, ನೀನೇ ಹಾಕ್ಕೋ” ಎಂದು ರೇಣುವಿನ ಹೆಗಲಿಗೆ ಎಸೆದನಂತೆ. ರೇಣು ಅವನ ಕೈಗೆ ಅಮ್ಮನ ಡಬ್ಬಿ ಕೊಟ್ಟ.

ಡಬ್ಬಿಯ ಮಹಾತ್ಮೆಯನ್ನು ಇಲ್ಲೇ ಹೇಳಬೇಕು. ನಮ್ಮ ಕಡೆ ನೆರೆಮನೆಯಿಂದ ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ರೇಣುವಿನ ತಾಯಿ ದಾಕ್ಷಾಯಣಮ್ಮನವರು ಈ ವಿಷಯದಲ್ಲಿ ನ್ಯಾಯಾಧೀಶರಿದ್ದಂತೆ. “ತೊಳ್ದು ಖಾಲಿ ಕೊಟ್ರು ಅಂದ್ರೆ, ಇನ್ ನಿಮ್ ಸಹವಾಸ ಸಾಕು ಅಂದಂಗೆ” ಎಂದು ಅವರು ಎಷ್ಟೋ ಮನೆಗಳ ಮೇಲೆ ತೀರ್ಪು ಕೊಟ್ಟದ್ದನ್ನು ನಾನೇ ಕೇಳಿದ್ದೇನೆ. ತಾಯಿ ಗೋಡೆಯಾಚೆಗಿನ ಮನೆಗೆ ಪಾಲಿಸುತ್ತಿದ್ದ ಈ ಪದ್ಧತಿಯನ್ನು ಮಗ ಎತ್ತಿಕೊಂಡು ಇಡೀ ಭರತಖಂಡಕ್ಕೆ ಹರಡಿದ. ಕಾಲೊನಿಯ ಅಪ್ಪಂದಿರು ನಿವೃತ್ತರಾದಂತೆ, ಕ್ವಾರ್ಟರ್ಸು ಬಿಟ್ಟುಕೊಟ್ಟಂತೆ, ಗೆಳೆಯರು ಒಬ್ಬೊಬ್ಬರಾಗಿ ಚದುರಿದರು. ಹೊರಟವರ ಕೈಗೆಲ್ಲ ಇವನೊಂದು ಡಬ್ಬಿ ಕೊಟ್ಟ, ಪ್ರತಿಯೊಂದರ ಮುಚ್ಚಳದ ಮೇಲೂ ‘ದಾಕ್ಷಾಯಣಮ್ಮ’ ಎಂದು ಹೆಸರು ಹಾಕಿಸಿದ್ದು. ಸೇನೆಗೆ ಸೇರಿದ ವಿಜಯಕುಮಾರ್ ಪಠಾಣಕೋಟಿನಿಂದ ರಜೆಗೆ ಬರುವ ಸೈನಿಕರ ಕೈಯಲ್ಲಿ ಅದೇ ಡಬ್ಬಿ ತುಂಬ ಅಕ್ರೋಟು ಕಳಿಸುತ್ತಾನೆ. ಕಲಬುರಗಿಯಲ್ಲಿ ವಕೀಲಿ ಮಾಡುವ ಸೌಂದರ್ಯ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಕಳಿಸಿ, ಒಡೆದು ಚೂರಾದವೆಂದು ತಿಳಿದು ಕೇಸು ಹಾಕುತ್ತೇನೆಂದು ಗದರಿಸುತ್ತಾಳೆ. ದಾಕ್ಷಾಯಣಮ್ಮ ಮಾತ್ರ, “ಅಯ್ಯೋ, ನನ್ ಹೆಸರು ಕಾಶ್ಮೀರದ ಹತ್ರ ತಿರುಗ್ತಿದೆ, ನನ್ ಅಡಿಗೆಮನೇಲಿ ಒಂದು ಡಬ್ಬಿ ಇಲ್ಲ” ಎಂದು ಹಣೆ ಹಣೆ ಚಚ್ಚಿಕೊಳ್ಳುತ್ತಾರೆ.

“ಫೋನಿದೆಯಲ್ಲೋ, ದಿನಾ ಮುಖ ನೋಡಿಕೊಂಡೇ ಮಾತಾಡಬಹುದು. ಈ ಪಾತ್ರೆ ಸಾಗಾಟ ಯಾಕೆ?” ಎಂದು ನಾನು ಕೆಣಕಿದ್ದುಂಟು.

“ಫೋನ್ ಇಟ್ಮೇಲೆ ಏನೂ ಉಳಿಯಲ್ಲ ಮಿಸ್. ಡಬ್ಬಿ ಆದ್ರೆ ಅವನ ಅಡಿಗೆಮನೇಲಿ ಕೂತಿರುತ್ತೆ. ದಿನಾ ಕಣ್ಣಿಗೆ ಬೀಳುತ್ತೆ.”

ಈ ವ್ಯವಹಾರಕ್ಕೆ ಗೆಳೆಯರು ತಾವೇ ಒಂದು ಕಟ್ಟಳೆಯನ್ನೂ ಮಾಡಿಕೊಂಡಿದ್ದರು. ಡಬ್ಬಿ ಹೊರಟಿದೆಯೆಂದಾಗಲಿ, ಅದರಲ್ಲಿ ಏನಿದೆಯೆಂದಾಗಲಿ ಕಳಿಸಿದವರು ಬಾಯಿಬಿಡಬಾರದು. ತೆರೆದು ತಿಂದವರೇ ಫೋನು ಮಾಡಿ, ಪೀಠಿಕೆಯಿಲ್ಲದೆ, ರುಚಿಯಿಂದಲೇ ಮಾತು ಆರಂಭಿಸಬೇಕು. “...ಖಾರ ಒಂಚೂರು ಕಮ್ಮಿ ಆಗಿದೆ ಕಣೋ” ಎಂದು ಯಾರಾದರೂ ಶುರುಮಾಡಿದರೆ ಡಬ್ಬಿ ತಲುಪಿತೆಂದು ಅರ್ಥ. ಸೊಗಸಾದ ಕಟ್ಟಳೆಯೇ. ಆದರೆ ಅತಿಬುದ್ಧಿವಂತರು ಮಾಡಿಕೊಂಡ ಕಟ್ಟಳೆಗಳು ಅವರ ಕಾಲಿಗೇ ತೊಡರಿಕೊಳ್ಳುತ್ತವೆ.

ಕಳೆದ ದಸರಾಕ್ಕೆ ವಿಶಾಖಪಟ್ಟಣಕ್ಕೆ ಬರುತ್ತೇನೆಂದು ರೇಣು ಗುರುವಿಗೆ ಮಾತು ಕೊಟ್ಟಿದ್ದ. ಅಂಗಡಿಯಲ್ಲಿ ರಜೆ ಸಿಗಲಿಲ್ಲ, ಹೋಗಲಾಗಲಿಲ್ಲ. ಗುರು “ಬಿಡೋ ಮಾರಾಯ” ಎಂದಿದ್ದನಾದರೂ ಆ ‘ಬಿಡೋ’ ಇವನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು. ದೀಪಾವಳಿ ಕಳೆದ ಮೇಲೆ, ನಾನು ಹಳೆಯ ನೆರೆಯವರನ್ನು ಕಾಣಲು ಭದ್ರಾವತಿಗೆ ಹೋಗಿದ್ದ ಒಂದು ಭಾನುವಾರ, ಹಿರಿಯಣ್ಣನವರು ಡಬ್ಬಿ ಹಿಡಿದು ಬಂದರು. ಹಿರಿಯಣ್ಣನವರೆಂದರೆ ಕಾರ್ಖಾನೆಯಲ್ಲಿ ಕ್ರೇನ್ ನಡೆಸಿ ನಿವೃತ್ತರಾದ ಗಂಭೀರ ವ್ಯಕ್ತಿ. ಮಗಳನ್ನು ವಿಶಾಖಪಟ್ಟಣಕ್ಕೆ ಕೊಟ್ಟಿರುವುದರಿಂದ ಹೋಗಿಬರುತ್ತಿರುತ್ತಾರೆ, ಗುರುವಿನ ಡಬ್ಬಿ ಅವರ ಕೈಯಲ್ಲೇ ಬರುವುದು. ಸಕ್ಕರೆ ಕಾಯಿಲೆ ಬಂದಂದಿನಿಂದ ಸಿಹಿ ಬಿಟ್ಟು, ಕಾಲೊನಿಯವರಿಗೆಲ್ಲ ಸಕ್ಕರೆಯ ದುಷ್ಪರಿಣಾಮಗಳ ಕುರಿತು ಉಪನ್ಯಾಸ ಮಾಡುವವರು. ಅವರು ಡಬ್ಬಿಯನ್ನು ಮೇಜಿನ ಮೇಲಿಟ್ಟು, ಕಾಫಿಯೂ ಬೇಡವೆಂದು, ಯಾಕೋ ಅವಸರದಲ್ಲಿ ಹೊರಟುಹೋದರು.

ರೇಣು ಮುಚ್ಚಳ ತೆಗೆದ. ಡಬ್ಬಿ ಥಳಥಳ ಹೊಳೆಯುತ್ತಿತ್ತು. ತೊಳೆದು, ಒರೆಸಿ, ಒಣಗಿಸಿದ ಡಬ್ಬಿ. ಒಳಗೆ ಒಂದು ಸಕ್ಕರೆ ಕಾಳೂ ಇರಲಿಲ್ಲ.

“ತೊಳ್ದು ಕಳ್ಸಿದಾನಲ್ಲೋ!” ಎಂದರು ದಾಕ್ಷಾಯಣಮ್ಮ. ಆಮೇಲೆ ಮಗನ ಮುಖ ನೋಡಿ ಆ ಮಾತನ್ನು ಆಡಬಾರದಿತ್ತೆಂದು ನಾಲಿಗೆ ಕಚ್ಚಿಕೊಂಡರು. ಅವನು ಡಬ್ಬಿಯ ತಳವನ್ನು ಬೆರಳಿನಿಂದ ಒಮ್ಮೆ ಸವರಿ ನೋಡಿ, ಮುಚ್ಚಳ ಹಾಕಿ, ಅಟ್ಟದ ಮೇಲಿಟ್ಟ.

ನಾನು ಎಷ್ಟು ಹೇಳಿದೆ! “ಕೇಳಿಬಿಡೋ ಮಾರಾಯ, ಒಂದು ಮಾತು ಕೇಳಿದರೆ ಗಂಟೇನು ಹೋಗುತ್ತೆ?” ಎಂದೆ.

“ಏನಂತ ಕೇಳ್ಲಿ ಮಿಸ್? ಯಾಕೋ ಏನೂ ಹಾಕಿಲ್ಲ ಅಂತ ಕೇಳೋದಾ? ತಿನ್ನೋಕ್ ಕೊಡು ಅಂತ ಕೈಯೊಡ್ಡಿದಂಗೆ ಆಗಲ್ವಾ? ಅವ್ನಿಗೆ ಸಾಕಾಗಿದ್ರೆ ಸಾಕು ಬಿಡಿ.”

ಅದಾದ ಕೆಲವು ದಿನಕ್ಕೆ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಗುರುವಿನ ಫೋನು ಬಂತು. ರೇಣು ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, “ಹಲೋ ಗುರು. ಹೇಗಿದೀಯ? ಆರಾಮಾ?” ಎಂದ. ಅತ್ತಲಿಂದಲೂ ಅಷ್ಟೇ ಸಭ್ಯವಾದ ಉತ್ತರ ಬಂದಿರಬೇಕು. ಹವೆಯ ಬಗ್ಗೆ ಮಾತಾಯಿತು, ಅಪ್ಪ ಅಮ್ಮನ ಆರೋಗ್ಯದ ಬಗ್ಗೆ ಆಯಿತು, “ಸರಿ ಹಾಗಾದ್ರೆ, ಇಡ್ಲಾ?” ಎಂದೂ ಆಯಿತು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಲ್ಲವೂ ಇದ್ದ ಅಂಥ ಅಚ್ಚುಕಟ್ಟಾದ ಸಂಭಾಷಣೆಯನ್ನು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು, ಕೇಳಿ ಅಳು ಬಂದದ್ದೂ ಅದೇ ಮೊದಲು. ಆ ದಿನದಿಂದ ಅವನು ಜರ್ಕಿನ್ ತೊಡುವುದನ್ನು ಬಿಟ್ಟ. ಚಳಿಗಾಲದಲ್ಲಿ, ಬೇಕಾದ ಹೊತ್ತಿನಲ್ಲಿ, ಬಿಟ್ಟ.

ಸಂಕ್ರಾಂತಿ ಬಂತು, ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಿ ಎಂದು ಊರೆಲ್ಲ ಹಂಚಿಕೊಂಡಿತು, ವಿಶಾಖಪಟ್ಟಣಕ್ಕೆ ಮಾತ್ರ ಏನೂ ಹೋಗಲಿಲ್ಲ. ಅದು ಕಳೆದು ಒಂದು ವಾರವಾಗಿರಬೇಕು. ನಾನು ಕನ್ನಡಕದ ಕಡ್ಡಿ ಸಡಿಲವಾಯಿತೆಂದು ಅಂಗಡಿಗೆ ಹೋಗಿ ಕುಳಿತಿದ್ದೆ. ಹಿರಿಯಣ್ಣನವರು ಪತ್ನಿ ಶೇಷಮ್ಮನವರೊಂದಿಗೆ ಬಂದರು. ದೂರದ್ದೆಲ್ಲ ಮಂಜು ಮಂಜಾಗಿ ಕಾಣುತ್ತಿದೆಯೆಂಬ ದೂರು. ರೇಣು ಅವರನ್ನು ಕೂರಿಸಿ, ಗಾಜು ಬದಲಿಸಿ ನೋಡುವ ಆ ದುಂಡನೆಯ ಭಾರದ ಫ್ರೇಮನ್ನು ಮೂಗಿಗೇರಿಸಿ, ಗೋಡೆಯ ಅಕ್ಷರಗಳನ್ನು ಓದಿಸಿದ. ಒಂದು ಗಾಜು ಹಾಕಿದ, ತೆಗೆದ, ಇನ್ನೊಂದು ಹಾಕಿದ, ಹುಬ್ಬುಗಂಟಿಕ್ಕಿದ.

“ನಂಬರ್ ಹೀಗೆ ಏಕಾಏಕಿ ಬದಲಾಗಲ್ಲ ಹಿರಿಯಣ್ಣೋರೆ. ಶುಗರ್ ಏರಿರ್ಬೇಕು. ಅದು ಹತೋಟಿಗೆ ಬರೋವರೆಗೂ ಕನ್ನಡಕ ಮಾಡ್ಸಬೇಡಿ. ಸಿಹಿ ಏನಾದ್ರೂ ತಿಂದ್ರಾ?”

“ಸಿಹೀನಾ? ನಾನಾ? ಛೆ!” ಎಂದರು ಹಿರಿಯಣ್ಣನವರು.

ಶೇಷಮ್ಮ ಕಾದಿದ್ದವರಂತೆ ಸಿಡಿದರು. “ಕೇಳಪ್ಪಾ, ಸರಿಯಾಗ್ ಕೇಳು! ಮಗಳ ಮನೆಯಿಂದ ಬಂದಾಗ್ನಿಂದ ಇವರ ನಾಲಿಗೆ ಕೆಟ್ಟುಹೋಗಿದೆ. ಬೇಕರಿ ಮುಂದೆ ಹೋದ್ರೆ ಕಾಲೇ ಏಳಲ್ಲ. ಮೊನ್ನೆ ಜೇಬಲ್ಲಿ ಮೈಸೂರ್‌ಪಾಕ್ ಸಿಕ್ತು. ಯಾವಾಗ ಶುರುವಾಯ್ತು ಅಂದ್ರೆ ಬಾಯಿ ಬಿಡಲ್ಲ!”

ಕನ್ನಡಕವೂ ಅಲ್ಲದ, ಮುಖವಾಡವೂ ಅಲ್ಲದ ಆ ಫ್ರೇಮಿನೊಳಗಿಂದ ಎರಡು ದೊಡ್ಡ ಕಣ್ಣುಗಳು ರೇಣುವನ್ನೇ ನೋಡಿದವು, ನೆಲ ನೋಡಿದವು, ಮತ್ತೆ ರೇಣುವನ್ನೇ ನೋಡಿದವು. ಕ್ರೇನಿನಲ್ಲಿ ಕುಳಿತು ಕುದಿಯುವ ಲೋಹಕ್ಕೆ ಹೆದರದಿದ್ದ ಮನುಷ್ಯ ಮಗುವಿನ ದನಿಯಲ್ಲಿ ಹೇಳಿದರು:

“ರೈಲಲ್ಲಿ ಶುರುವಾಯ್ತು ಕಣಪ್ಪಾ. ಆ ನಿನ್ ಫ್ರೆಂಡ್ ಕೊಟ್ಟ ಡಬ್ಬಿ... ಎಂಥ ಘಮ ಅಂತೀಯ! ಹಾಳೆ ಥರ ತೆಳ್ಳಗೆ, ಒಳಗೆ ಬೆಲ್ಲ, ತುಪ್ಪ. ಬಾಯಲ್ಲಿಟ್ರೆ ಕರಗೇ ಹೋಗುತ್ತೆ. ಒಂದೇ ಒಂದು ಅಂದ್ಕೊಂಡೆ. ಗುಂಟಕಲ್ ಬರೋ ಹೊತ್ತಿಗೆ ತಳ ಕಾಣ್ತು. ಜಿಡ್ಡು ಡಬ್ಬಿ ಹೆಂಗಪ್ಪಾ ಕೊಡೋದು ಅಂತ ತೊಳ್ದು ತಂದೆ.”

ಶೇಷಮ್ಮ ತಲೆಯ ಮೇಲೆ ಕೈಹೊತ್ತು ಕುಳಿತರು. ರೇಣುವಿನ ಹೊಟ್ಟೆಯಿಂದ ಹೊರಟ ನಗುವಿಗೆ ಕಪಾಟಿನ ಗಾಜುಗಳೇ ಅದುರಿದಂತಾಯಿತು. ಹಿರಿಯಣ್ಣನವರನ್ನು ಫ್ರೇಮಿನ ಸಮೇತ ಅಲ್ಲೇ ಬಿಟ್ಟು, ಅಂಗಡಿಯ ಮೆಟ್ಟಿಲಿಗೆ ಓಡಿ ಫೋನು ಹಚ್ಚಿದ. ನಾನೂ ಹಿಂದೆಯೇ ಹೋದೆ. ಇಂಥ ಹೊತ್ತಿನಲ್ಲಿ ಸಭ್ಯತೆ ನೋಡುತ್ತಾ ಕೂರುವ ಹೆಂಗಸು ನಾನಲ್ಲ. ಅವನು ಸ್ಪೀಕರ್ ಹಾಕಿದ್ದೂ ಒಳ್ಳೆಯದಾಯಿತು.

“...ಬಾಯಲ್ಲಿಟ್ರೆ ಕರಗೇ ಹೋಗುತ್ತಂತಲ್ಲೋ!” ಎಂದು ಶುರುಮಾಡಿದ.

ಅತ್ತಲಿಂದ ಗುರುವಿನ ಸಣ್ಣ ದನಿ: “ಯಾರ ಬಾಯಲ್ಲಿ?”

“ಹಿರಿಯಣ್ಣನ ಬಾಯಲ್ಲಿ! ನಂಗ್ ಬಂದಿದ್ದು ತೊಳ್ದಿದ್ ಡಬ್ಬಿ ಮಾರಾಯ, ಖಾಲಿ ಡಬ್ಬಿ!”

“ಅಯ್ಯೋ ನಿನ್ ಮನೆ ಕಾಯ್ವಾಗ! ನಾನಿಲ್ಲಿ, ಇವ್ನು ತಿಂದೂ ಸುಮ್ನಿದಾನಲ್ಲ, ಇವ್ನಿಗೂ ಬೇಡವಾಯ್ತಲ್ಲ ಅಂತ...” ಎಂದ ಗುರು. “ಅದನ್ನ ಮಾಡಿದ್ದು ಯಾರು ಗೊತ್ತೇನೋ?”

“ಯಾರೋ?”

“ಉಳಿದಿದ್ದು ಆಮೇಲೆ” ಎಂದು ಗುರು ಕಟ್ ಮಾಡಿಬಿಟ್ಟ.

ಮೆಟ್ಟಿಲ ಮೇಲೆ ನಿಂತ ರೇಣು ಫೋನನ್ನು ನೋಡುತ್ತಾ ನಗುತ್ತಿದ್ದ, ಕಣ್ಣೊರೆಸುತ್ತಿದ್ದ. ನನಗೆ ಮಾತ್ರ ತಡೆಯಲಾಗಲಿಲ್ಲ. “ಮತ್ತೆ ಮಾಡೋ ಮಹಾರಾಯ, ಯಾರಂತೆ ಕೇಳೋ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ.

ಮಾಡಿದವಳ ಹೆಸರು ಹಿಮಬಿಂದು. ಗುರುವಿನ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸಕ್ಕಿರುವ ತೆಲುಗು ಹುಡುಗಿ. ಆ ಸಿಹಿ ಪೂತರೇಕು. ಬೋರಲು ಹಾಕಿದ ಮಡಕೆ ಕಾಯಿಸಿ, ಅದರ ಮೇಲೆ ಅಕ್ಕಿಹಿಟ್ಟಿನ ನೀರಿನ ಪದರ ಎಳೆದು, ಹರಿಯದಂತೆ ಬಿಡಿಸಿ ಸುತ್ತಬೇಕಾದ ಆಂಧ್ರದ ತಿನಿಸು. ಅವಳು ಬೆರಳು ಸುಟ್ಟುಕೊಂಡು ಕಲಿತು ಮಾಡಿದ್ದಳಂತೆ. ಮದುವೆಯಾದರೆ ಅವಳನ್ನೇ ಎಂದು ಗುರು ನಿಶ್ಚಯಿಸಿದ್ದ, ಊರಿನಲ್ಲಿ ಪುಟ್ಟಯ್ಯನವರು, “ನಮ್ ಮಾತೇ ಬರದ ಸೊಸೆ ಹತ್ರ ನಾನ್ ಏನ್ ಮಾತಾಡ್ಲಿ?” ಎಂದು ಗೋಡೆ ಕಡೆ ತಿರುಗಿ ಮಲಗಿದ್ದರು. ರೇಣು ತಿಂದು ಒಂದು ಮಾತು ಹೇಳಲಿ, ಆಮೇಲೆ ಅವನನ್ನೇ ಅಪ್ಪನ ಬಳಿ ಕಳಿಸೋಣ ಎಂದು ಗುರು ಕಾದಿದ್ದ. ಅದಕ್ಕೆ ಉತ್ತರವಾಗಿ ಹೋದದ್ದು ಆ ಸುಡುಗಾಡು ‘ಹಲೋ’.

ಎರಡನೆಯ ಡಬ್ಬಿ ಶಿವರಾತ್ರಿಯ ಹೊತ್ತಿಗೆ ಬಂತು, ಹಿರಿಯಣ್ಣನವರನ್ನು ಬಿಟ್ಟು ಬೇರೆಯವರ ಕೈಯಲ್ಲಿ. ರೇಣು ಜರ್ಕಿನ್ ತೊಟ್ಟು, ನನ್ನನ್ನೂ ಹೊರಡಿಸಿಕೊಂಡು, ಪುಟ್ಟಯ್ಯನವರ ಮನೆಗೆ ಹೋದ. ಆಟೋದಿಂದ ಇಳಿದು ಗದ್ದೆಯ ಬದುವಿನ ಮೇಲೆ ಅವನು ನಡೆದ ಬಗೆಯನ್ನು ನೀವು ನೋಡಬೇಕಿತ್ತು. ಹಾಳೆಯಂಥ ಆ ಸಿಹಿ ಒಂದೂ ಮುರಿಯದಂತೆ, ಉಸಿರನ್ನೇ ಹಿಡಿದು, ಕಾಲಿನಿಂದ ನೆಲವನ್ನು ಸಮಾಧಾನಪಡಿಸುತ್ತಾ ನಡೆದ. ಪುಟ್ಟಯ್ಯ ಜಗಲಿಯ ಮೇಲಿದ್ದರು. ರೇಣು ಅಲ್ಲಿಯೂ ನಮಸ್ಕಾರವಿಲ್ಲ, ಕುಶಲವಿಲ್ಲ, ಸೀದಾ ಡಬ್ಬಿ ಬಿಚ್ಚಿ ಮುಂದೆ ಹಿಡಿದು, “...ಮುರಿದೋಗುತ್ತೆ ದೊಡ್ಡಪ್ಪ, ಮೆಲ್ಲಗ್ ತಗೊಳ್ಳಿ” ಎಂದ.

ಅವರು ಒಂದು ತೆಗೆದು ಬೆಳಕಿಗೆ ಹಿಡಿದು ನೋಡಿದರು. ಬಾಯಿಗಿಟ್ಟರು. ಮೆಲ್ಲುವುದಕ್ಕೇನೂ ಇರಲಿಲ್ಲ, ಆದರೂ ಬಹಳ ಹೊತ್ತು ಬಾಯಾಡಿಸಿದರು. “ಯಾರು ಮಾಡಿದ್ದು?” ಎಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಇನ್ನೊಂದು ತೆಗೆದುಕೊಂಡರು. ಪತ್ನಿ ವಸಂತಮ್ಮ ಬಾಗಿಲ ಮರೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು. ರೇಣುವಿನ ಹಣೆಯ ಬೆವರು ಜರ್ಕಿನ್ನಿನ ಕಾಲರಿಗೆ ಇಳಿಯುತ್ತಿತ್ತು. ಅದು ಸೆಕೆಯ ಬೆವರಲ್ಲ. ಕೊನೆಗೆ ಪುಟ್ಟಯ್ಯ ಎದ್ದು, ಡಬ್ಬಿಯಲ್ಲಿ ಉಳಿದದ್ದನ್ನು ತಟ್ಟೆಗೆ ಸುರುವಿ, ಖಾಲಿ ಡಬ್ಬಿಯನ್ನು ಹೆಂಡತಿಯ ಕೈಗೆ ಕೊಟ್ಟರು.

“ತಂಬಿಟ್ಟು ಮಾಡಿದೀಯಲ್ಲ, ತುಂಬ್ಸು. ಮೇಲೊಂದು ಅಚ್ಚು ಬೆಲ್ಲ ಇಡು, ನಮ್ ಆಲೆಮನೇದು” ಎಂದು, ಒಳಗೆ ಹೋಗುತ್ತಿದ್ದವರು ಮತ್ತೆ ತಿರುಗಿ, “ಆ ಹುಡುಗಿ ಮನೆಗೆ ಖಾಲಿ ಡಬ್ಬಿ ಕಳಿಸ್ಬಾರ್ದು” ಎಂದರು.

ವಸಂತಮ್ಮ ಅತ್ತೇಬಿಟ್ಟರು. ರೇಣು ಫೋನು ತೆಗೆದವನೇ ಗುರುವಿಗೆ, “...ಜೊತೆಗೆ ಬೆಲ್ಲಾನೂ ಇಡ್ತಿದಾರೆ ಕಣೋ!” ಎಂದು ಕಿರುಚಿದ. “ಯಾರು? ಏನು? ಪೂರ್ತಿ ಹೇಳೋ!” ಎಂದು ಅತ್ತಲಿಂದ ಗುರು ಬೊಬ್ಬಿಡುತ್ತಿರುವಾಗಲೇ ಈ ಮಹಾಪಾಪಿ ‘ಉಳಿದಿದ್ದು ಆಮೇಲೆ’ ಎಂದು ಕಟ್ ಮಾಡಿದ.

ಮೇ ತಿಂಗಳಲ್ಲಿ ಮದುವೆ. ಹಿರಿಯಣ್ಣನವರಿಗೂ ಆಮಂತ್ರಣವಿದೆ, ಪಕ್ಕದ ಕುರ್ಚಿಯಲ್ಲಿ ಕಾವಲಿಗೆ ಶೇಷಮ್ಮನವರಿರುತ್ತಾರೆ.

ಗೆಳೆತನವನ್ನು ದೂರ ಕೊಲ್ಲುತ್ತದೆಂದು ನಮ್ಮ ಕಾಲದವರು ನಿಟ್ಟುಸಿರು ಬಿಡುತ್ತೇವೆ. ಅಡ್ಡಗೋಡೆಯಾಚೆಯ ಮನೆಯವರನ್ನೂ ಮರೆತವರು ನಾವು, ಪಾಪ ದೂರದ ಮೇಲೆ ಯಾಕೆ ಗೂಬೆ ಕೂರಿಸಬೇಕು? ಎಲ್ಲ ಕಾಲದಲ್ಲೂ, ಎಲ್ಲ ಬೀದಿಯಲ್ಲೂ ರೇಣುವಿನಂಥವರು ಒಬ್ಬಿಬ್ಬರು ಇರುತ್ತಾರೆ. ಅವರು ಮಹಾತ್ಯಾಗಿಗಳೇನಲ್ಲ, ರೇಗಿಸುತ್ತಾರೆ, ಮುನಿಸಿಕೊಳ್ಳುತ್ತಾರೆ, ಕೇಳಬೇಕಾದ್ದನ್ನು ಕೇಳದೆ ಪೆದ್ದರಾಗುತ್ತಾರೆ. ಆದರೆ ಊರು ಬಿಟ್ಟವರ ಕೈಗೆ ಹಿಂದಿರುಗಿಸಲೇಬೇಕಾದ ಏನನ್ನೋ ಕೊಟ್ಟಿರುತ್ತಾರೆ, ಅವರಿಂದ ಬಂದದ್ದನ್ನು ಬರಿದಾಗಿ ಮರಳಿಸುವುದಿಲ್ಲ. ಸಂಸಾರಗಳು, ಕಾಲೊನಿಗಳು, ಒಂದೊಂದು ಸಲ ಹಟಮಾರಿ ಮಾವಂದಿರೂ ಇಂಥವರ ದೆಸೆಯಿಂದ ಒಂದಾಗುತ್ತಾರೆ. ಇಷ್ಟು ಬರೆದು ಉಪಸಂಹಾರ ಮುಗಿಸೋಣವೆಂದರೆ ಅಡಿಗೆಮನೆಯ ಕಟ್ಟೆಯ ಮೇಲೆ ‘ದಾಕ್ಷಾಯಣಮ್ಮ’ ಎಂಬ ಹೆಸರಿನ ಡಬ್ಬಿಯೊಂದು ನನ್ನನ್ನೇ ನೋಡುತ್ತಿದೆ. ಮೊನ್ನೆ ಅದರಲ್ಲಿ ಕಡುಬು ಬಂದಿತ್ತು. ಕೋಡುಬಳೆಗೆ ಹಿಟ್ಟು ಕಲಸಿಟ್ಟಿದ್ದೇನೆ, ಎಣ್ಣೆ ಕಾಯುತ್ತಿದೆ, ಅವನ ಸಂಜೆಯ ಬಸ್ಸಿಗೆ ಹೊತ್ತಾಯಿತು.